ಚಪ್ಪಾಳೆ ಬಿದ್ದ ಮೇಲೆ

ಮೂರನೆಯ ಭಾಗ ಮುಗಿಯುತ್ತಿದ್ದಂತೆ ಸಭಾಂಗಣದ ತುಂಬ ಚಪ್ಪಾಳೆ ಬಿತ್ತು. ಕೆಲವರು ಎದ್ದೂ ನಿಂತರು. ಕಂಡಕ್ಟರ್ ತಿರುಗಿ ನೋಡಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಪಿಟೀಲಿನವರು ಕಮಾನನ್ನು ತಂತಿಯ ಹತ್ತಿರ ಹಿಡಿದುಕೊಂಡೇ ಕಾದರು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಇನ್ನೂ ಒಂದು ಭಾಗ ಬಾಕಿ ಇದೆ, ಪಾಪ, ಇವರಿಗೆ ಗೊತ್ತಿಲ್ಲ" ಎಂದು ಮೆಲ್ಲಗೆ ಹೇಳಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಬಾಕಿ ಇದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಿಂಫನಿಯನ್ನು ಮನೆಯಲ್ಲಿ ಎಷ್ಟೋ ರಾತ್ರಿ ಒಬ್ಬನೇ ಕೂತು ಕೇಳಿದ್ದೇನೆ. ಆದರೂ ಕೈಗಳು ತಾವಾಗಿಯೇ ಸೇರಿಕೊಂಡವು.

ರಷ್ಯದ ಚೈಕೋವ್ಸ್ಕಿಯ ಆರನೆಯ ಸಿಂಫನಿಯ ವಿಷಯ ಹೇಳುತ್ತಿದ್ದೇನೆ. ಬಿ ಮೈನರ್ ಶ್ರುತಿಯ, ಸುಮಾರು ಮುಕ್ಕಾಲು ಗಂಟೆಯ, ನಾಲ್ಕು ಭಾಗಗಳ ಕೃತಿ. ಜಗತ್ತು ಅದನ್ನು 'ಪ್ಯಾಥೆಟೀಕ್' ಎನ್ನುತ್ತದೆ. ರಷ್ಯನ್ನಿನಲ್ಲಿ ಆ ಪದಕ್ಕೆ ದೈನ್ಯದ ಅರ್ಥವಿಲ್ಲ. ಭಾವ ತುಂಬಿ ಉಕ್ಕುವುದು ಎಂಬುದು ಅದರ ಇಂಗಿತ. ಇದನ್ನು ಎಲ್ಲಿ ನುಡಿಸಿದರೂ ಮೂರನೆಯ ಭಾಗದ ಕೊನೆಗೆ ಚಪ್ಪಾಳೆ ಬೀಳುವುದುಂಟು. ಬಲ್ಲವರು ಮುಖ ಸಿಂಡರಿಸುತ್ತಾರೆ. ನನಗಂತೂ ಆ ಚಪ್ಪಾಳೆಯಲ್ಲಿ ಅಜ್ಞಾನ ಕಾಣಿಸುವುದಿಲ್ಲ. ಅಲ್ಲಿ ತಟ್ಟಿದವರ ಕಿವಿಯಲ್ಲಿ ಒಂದು ಹಳೆಯ ಕಥೆ ಮನೆ ಮಾಡಿಕೊಂಡಿದೆ, ಆ ಕಥೆ ಮುಗಿಯಬೇಕಾದ ಜಾಗ ಅದೇ. ಚೈಕೋವ್ಸ್ಕಿಗೆ ಆ ಕಥೆ ಗೊತ್ತಿತ್ತು, ನಮಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಅವನ ಕಡೆಯ ಸಿಂಫನಿ ನಿಂತಿರುವುದು ಆ ತಿಳಿವಳಿಕೆಯ ಮೇಲೆ.

ಆ ಹಳೆಯ ಕಥೆ ಯಾವುದು? ಅದರ ಅತಿ ಪ್ರಸಿದ್ಧ ರೂಪ ಬೀಥೋವನ್‌ನ ಐದನೆಯ ಸಿಂಫನಿ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ನುಡಿದದ್ದು. ಸಿ ಮೈನರ್‌ನ ಕತ್ತಲಲ್ಲಿ, ಬಾಗಿಲು ಬಡಿದಂಥ ನಾಲ್ಕು ಸ್ವರಗಳಿಂದ ಶುರು. ಮೂರನೆಯ ಭಾಗದ ಕೊನೆಗೆ ಎಲ್ಲ ಪಿಸುಮಾತಿಗೆ ಇಳಿದು, ಟಿಂಪನಿಯ ಎದೆಬಡಿತವೊಂದೇ ಉಳಿದು, ಅಲ್ಲಿಂದ ನಿಲ್ಲದೆ ನಾಲ್ಕನೆಯ ಭಾಗಕ್ಕೆ ದಾಟಿ ಸಿ ಮೇಜರ್‌ನ ಬೆಳಕು ಹರಿಯುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಟ್ರಾಂಬೋನುಗಳು ಆಗಷ್ಟೇ ಬಾಯಿ ತೆರೆಯುತ್ತವೆ. ಕಷ್ಟದಿಂದ ಗೆಲುವಿಗೆ, ಇರುಳಿನಿಂದ ಬೆಳಗಿಗೆ. ಆಮೇಲಿನ ನೂರು ವರ್ಷ ಸಿಂಫನಿ ಬರೆದವರಲ್ಲಿ ಹಲವರು ಒಂದಲ್ಲ ಒಂದು ಸಲ ಈ ಹಾದಿ ತುಳಿದರು. ಬ್ರಾಮ್ಸ್‌ನ ಮೊದಲನೆಯದು ಅದೇ ಸಿ ಮೈನರ್‌ನಿಂದ ಅದೇ ಸಿ ಮೇಜರ್‌ಗೆ ಬಂತು. ಶೂಮನ್‌ನ ಎರಡನೆಯದರಲ್ಲಿಯೂ ಇದೇ ಪಯಣವಿದೆ. ಅದನ್ನು ಕುರಿತು 1984ರಲ್ಲಿ ಆಂಥೊನಿ ನ್ಯೂಕಂಬ್ ಎಂಬ ಸಂಗೀತ ವಿದ್ವಾಂಸ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಸಿಂಫನಿಗೆ ಮಾತಿನ ಕಥೆ ಬೇಕಿಲ್ಲ, ಕೇಳುಗರ ಮನಸ್ಸಿನಲ್ಲಿ ರೂಢಿಯಾಗಿ ಬಂದ ಕಥೆಯ ಅಚ್ಚೊಂದು ಇದ್ದರೆ ಸಾಕು, ಸ್ವರಗಳು ಆ ಅಚ್ಚಿನ ಜೊತೆ ಮಾತಾಡುತ್ತವೆ ಎಂಬುದು ಅವನ ವಾದದ ತಿರುಳು. ಚೈಕೋವ್ಸ್ಕಿ ಸ್ವತಃ ತನ್ನ ನಾಲ್ಕನೆಯದನ್ನು ಎಫ್ ಮೈನರ್‌ನಿಂದ ಎಫ್ ಮೇಜರ್‌ಗೂ, 1888ರ ಐದನೆಯದನ್ನು ಇ ಮೈನರ್‌ನಿಂದ ಇ ಮೇಜರ್‌ಗೂ ತಂದು ಮುಟ್ಟಿಸಿದ್ದ. ಎರಡು ಸಲ ನಡೆದ ಹಾದಿ.

ಆ ಅಚ್ಚನ್ನು ವಿವರಿಸಲು ಪಶ್ಚಿಮದಲ್ಲಿ ಬೇರೆ ಬೇರೆ ಸಲಕರಣೆಗಳಿವೆ. ನಾರ್ತ್ರಪ್ ಫ್ರೈ 1957ರಲ್ಲಿ ಕಥೆಗಳನ್ನೆಲ್ಲ ನಾಲ್ಕು ಋತುಗಳಿಗೆ ಹಂಚಿದ: ವಸಂತಕ್ಕೆ ಸುಖಾಂತ, ಬೇಸಿಗೆಗೆ ಸಾಹಸ, ಶರತ್ತಿಗೆ ದುರಂತ, ಚಳಿಗಾಲಕ್ಕೆ ವಿಡಂಬನೆ. ಸುಂದರವಾದ ವಿಂಗಡಣೆ. ಆದರೆ ಈ ಸಿಂಫನಿಯ ಎದುರು ಕೂತಾಗ ನನ್ನ ಕೈಗೆ ಹೆಚ್ಚು ಒದಗಿದ್ದು ಭರತನ ನಾಟ್ಯಶಾಸ್ತ್ರದ ಸಂಧಿಗಳು. ಕಾಲೇಜಿನಲ್ಲಿ ತೀನಂಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ' ಓದಿದ ಕಾಲದಿಂದ ಆ ಲೋಕದ ಪದಗಳು ನನ್ನಲ್ಲಿ ಉಳಿದುಬಿಟ್ಟಿವೆ. ರಷ್ಯದ ಸಿಂಫನಿಗೆ ಸಂಸ್ಕೃತ ನಾಟಕದ ಅಳತೆಗೋಲೇ ಎಂದು ಯಾರಾದರೂ ಕೇಳಬಹುದು. ಮೈಸೂರಿನಲ್ಲಿ ಈ ಎರಡೂ ಲೋಕ ಒಂದೇ ಮನೆಯಲ್ಲಿದ್ದದ್ದು ಹಳೆಯ ಮಾತು. ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಗಾರ ಮೆಟ್ನರ್‌ನ ಧ್ವನಿಮುದ್ರಣಗಳಿಗೆ ಹಣ ಕೊಟ್ಟವರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ಆ ಮೆಟ್ನರ್ ಕಲಿತದ್ದು ಚೈಕೋವ್ಸ್ಕಿ ಒಂದು ಕಾಲಕ್ಕೆ ಪಾಠ ಹೇಳಿದ್ದ ಮಾಸ್ಕೋದ ಶಾಲೆಯಲ್ಲೇ.

ಭರತನ ಲೆಕ್ಕದಲ್ಲಿ ಕಥೆಯೆಂದರೆ ಒಂದು ಫಲದತ್ತ ಸಾಗುವ ಕಾರ್ಯ. ಅದಕ್ಕೆ ಐದು ಅವಸ್ಥೆಗಳು: ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಅವಕ್ಕೆ ಒಪ್ಪುವಂತೆ ಐದು ಸಂಧಿಗಳು: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಮುಖದಲ್ಲಿ ಬೀಜ ಬೀಳುತ್ತದೆ. ಗರ್ಭದಲ್ಲಿ ಫಲ ಕಾಣಿಸಿ ಮರೆಯಾಗುತ್ತದೆ. ವಿಮರ್ಶದಲ್ಲಿ ಶಾಪವೋ ಕೋಪವೋ ಅಡ್ಡಬಂದು ಇನ್ನೇನು ಕೈಸೇರಿತು ಎಂಬುದು ಜಾರುತ್ತದೆ. ನಿರ್ವಹಣದಲ್ಲಿ ಚೆದುರಿದ್ದೆಲ್ಲ ಕೂಡಿಬರುತ್ತದೆ. ಶಾಕುಂತಲದಲ್ಲಿ ದುರ್ವಾಸನ ಶಾಪ, ಕಳೆದ ಉಂಗುರ, ದುಷ್ಯಂತನ ಮರೆವು, ಪಶ್ಚಾತ್ತಾಪ ಎಲ್ಲವನ್ನೂ ದಾಟಿ ಏಳನೆಯ ಅಂಕದಲ್ಲಿ ಮಾರೀಚನ ಆಶ್ರಮಕ್ಕೆ ಬಂದು, ಸಿಂಹದ ಮರಿಯ ಹಲ್ಲು ಎಣಿಸುವ ಹುಡುಗನನ್ನು ಕಂಡಾಗ ನಮ್ಮ ಎದೆ ತಣಿಯುತ್ತದೆಯಲ್ಲ, ಆ ತಣಿವಿಗೆ ಹೆಸರು ಫಲಾಗಮ. ಬೀಥೋವನ್‌ನ ಐದನೆಯದು ಈ ಐದನ್ನೂ ಕ್ರಮ ತಪ್ಪದೆ ನಡೆಸಿಕೊಡುತ್ತದೆ. ಚೈಕೋವ್ಸ್ಕಿಯ ಆರನೆಯದರಲ್ಲಿ ಕ್ರಮ ತಪ್ಪಿದೆ. ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ನನಗೆ ಅದನ್ನು ಕೇಳುವ ದಾರಿಯಾಯಿತು.

ಬೀಜ ಬೀಳುವುದು ನೆಲದ ಅಡಿಯಲ್ಲಿ. ಡಬಲ್ ಬಾಸುಗಳು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಬರಿದಾದ ಎರಡು ಸ್ವರಗಳನ್ನು ಹಿಡಿದು ನಿಲ್ಲುತ್ತವೆ. ಅದರ ಮೇಲೆ ಒಂಟಿ ಬಸೂನ್, ತನ್ನ ತೀರ ತಗ್ಗಿನ ದನಿಯಲ್ಲಿ, ಎರಡು ಮೆಟ್ಟಿಲು ಹತ್ತಿ ಒಂದು ಇಳಿಯುತ್ತದೆ. ಇಷ್ಟೇ. ಮತ್ತೆ ಸ್ವಲ್ಪ ಮೇಲಿನಿಂದ ಅದೇ ಪ್ರಯತ್ನ. ದನಿ ಮೇಲಕ್ಕೆ ಹತ್ತಲು ನೋಡುತ್ತಿರುವಾಗ ಕಾಲ ಕೆಳಗಿನ ನೆಲ ಮೆಲ್ಲನೆ ಕುಸಿಯುತ್ತಿರುತ್ತದೆ. ಬಸೂನಿನ ಆ ಸೀಮೆಯಲ್ಲಿ ಸ್ವರಕ್ಕಿಂತ ಉಸಿರೇ ಹೆಚ್ಚು ಕೇಳಿಸುತ್ತದೆ, ಕಾಯಿಲೆಯವರು ದಿಂಬಿನಿಂದ ತಲೆ ಎತ್ತಿ ಏನೋ ಹೇಳಹೊರಟ ಹಾಗೆ. ಆಮೇಲೆ ವಯೋಲಾ ಮತ್ತು ಚೆಲ್ಲೊಗಳು ಇದೇ ಬೀಜವನ್ನು ಎತ್ತಿಕೊಂಡು ಓಟ ಶುರುಮಾಡುತ್ತವೆ. ಆರಂಭ, ಪ್ರಯತ್ನ.

ಓಟ ನಿಂತು, ಪಿಟೀಲುಗಳು ಸೇತುವೆಗೆ ಮ್ಯೂಟ್ ಸಿಕ್ಕಿಸಿಕೊಂಡು, ಡಿ ಮೇಜರ್‌ನಲ್ಲಿ ಎರಡನೆಯ ಸ್ವರಮಾಲೆ ಹಾಡುತ್ತವೆ. ಈ ಸಿಂಫನಿಯ ಹೆಸರೇ ಕೇಳದವರೂ ಎಲ್ಲೋ ಕೇಳಿರುವ ಸ್ವರಮಾಲೆ ಅದು. ಅದರ ಮೊದಲ ಮೂರು ಸ್ವರಗಳನ್ನು ನಮ್ಮ ರೀತಿಯಲ್ಲಿ ಹೇಳಿದರೆ ಗ ರಿ ಸ. ಮೇಲಿನಿಂದ ಷಡ್ಜಕ್ಕೆ ಇಳಿಯುವ, ಮನೆಯ ಹೊಸ್ತಿಲು ದಾಟಿ ಒಳಗೆ ಬರುವಂಥ ಮೂರು ಹೆಜ್ಜೆ. ಈ ಮೂರು ಸ್ವರಗಳನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ನಾಟ್ಯಶಾಸ್ತ್ರ ಬಿಂದು ಎನ್ನುವುದು ಇಂಥದ್ದನ್ನೇ: ನೀರಿಗೆ ಬಿದ್ದ ಎಣ್ಣೆಯ ಹನಿಯಂತೆ ಕಥೆಯುದ್ದಕ್ಕೂ ಹರಡಿ ಎಲ್ಲವನ್ನೂ ಒಂದಾಗಿ ಹಿಡಿಯುವುದು. ಫಲ ಇಲ್ಲಿಯೇ ಮೊದಲು ಕಾಣಿಸಿತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಈ ಮಾಧುರ್ಯವೇ ನಾಯಕನಿಗೆ ಬೇಕಾದದ್ದು.

ಅದು ಮರೆಯಾಗುವ ಬಗೆಯೂ ಅಪೂರ್ವ. ಕ್ಲಾರಿನೆಟ್ ಅದೇ ಸ್ವರಮಾಲೆಯನ್ನು ಒಬ್ಬಂಟಿಯಾಗಿ ಹಾಡುತ್ತ ಹಾಡುತ್ತ ಸಣ್ಣಗಾಗುತ್ತದೆ. ಮೆಲ್ಲಗೆ ನುಡಿಸಿ ಎನ್ನಲು ಪಾಶ್ಚಾತ್ಯ ಲಿಪಿಯಲ್ಲಿ 'ಪಿ' ಅಕ್ಷರ ಬರೆಯುತ್ತಾರೆ, ಬಹಳ ಮೆಲ್ಲಗೆ ಎನ್ನಲು ಎರಡು, ತೀರ ಅಪರೂಪಕ್ಕೆ ಮೂರು. ಇಲ್ಲಿ ಕೊನೆಯ ನಾಲ್ಕು ಸ್ವರಗಳನ್ನು ಬಸೂನಿಗೆ ಕೊಟ್ಟು ಚೈಕೋವ್ಸ್ಕಿ ಆರು 'ಪಿ' ಬರೆದಿದ್ದಾನೆ. ಅಷ್ಟು ಮೆಲ್ಲಗೆ ಬಸೂನ್ ನುಡಿಯುವುದು ಬಲು ಕಷ್ಟ. ಆದ್ದರಿಂದ ಅನೇಕ ಕಂಡಕ್ಟರುಗಳು ಆ ನಾಲ್ಕು ಸ್ವರಗಳನ್ನು ಬಾಸ್ ಕ್ಲಾರಿನೆಟ್ಟಿಗೆ ವಹಿಸುತ್ತಾರೆ. ಬಸೂನಿನಲ್ಲೇ ಕೇಳುವುದು ನನಗೆ ಇಷ್ಟ. ಆಗದ್ದನ್ನು ಆಗಿಸಲು ಒದ್ದಾಡುವ ಆ ಉಸಿರು ಕಥೆಗೆ ಸೇರಿದ್ದು.

ಮರುಕ್ಷಣ ಇಡೀ ಆರ್ಕೆಸ್ಟ್ರಾ ಸಿಡಿಯುತ್ತದೆ. ಎಷ್ಟು ಸಲ ಕೇಳಿದ್ದರೂ ಅಲ್ಲಿ ಮೈ ಬೆಚ್ಚುತ್ತದೆ. ನಿದ್ದೆ ಹತ್ತುತ್ತಿದ್ದಾಗ ಬಾಗಿಲು ಒದ್ದು ಒಳನುಗ್ಗಿದ ಹಾಗೆ. ಅಲ್ಲಿಂದ ಮುಂದೆ ಬರುವ ಬಿರುಗಾಳಿಯ ನಡುವೆ ಹಿತ್ತಾಳೆ ವಾದ್ಯಗಳು ರಷ್ಯದ ಆರ್ಥೊಡಾಕ್ಸ್ ಚರ್ಚಿನ ಒಂದು ಪ್ರಾರ್ಥನೆಯನ್ನು ನುಡಿಸುತ್ತವೆ. ಅಗಲಿದ ಜೀವಕ್ಕೆ ಸಂತರ ಜೊತೆ ನೆಲೆ ಸಿಗಲಿ ಎಂದು ಉತ್ತರಕ್ರಿಯೆಯಲ್ಲಿ ಹಾಡುವ ಪ್ರಾರ್ಥನೆ. ಇದನ್ನು ಮೊದಲ ಸಲ ಕೇಳಿದ ಪೀಟರ್ಸ್‌ಬರ್ಗಿನವರಿಗೆ ಅದು ತಟ್ಟನೆ ಗುರುತು ಸಿಕ್ಕಿರಬೇಕು. ಕಥೆಯ ನಡುವೆ, ನಾಯಕ ಇನ್ನೂ ಹೋರಾಡುತ್ತಿರುವಾಗಲೇ, ಯಾರೋ ಅವನ ಹೆಸರಿಗೆ ಎಳ್ಳುನೀರು ಬಿಟ್ಟಂತೆ. ಆಮೇಲೆ ಟ್ರಾಂಬೋನುಗಳು ಒಂದೊಂದೇ ಮೆಟ್ಟಿಲು ಇಳಿಯುತ್ತ ಬರುತ್ತವೆ, ಕೆಳಗೆ ಟಿಂಪನಿ ಗುಡುಗುತ್ತಿರುತ್ತದೆ. ಇಡೀ ಸಿಂಫನಿಯಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವ ಜಾಗ ಅದು. ಅದು ಕಳೆದ ಮೇಲೆ ಆ ಮಧುರ ಸ್ವರಮಾಲೆ ಬಿ ಮೇಜರ್‌ನಲ್ಲಿ ಮರಳಿ ಬರುತ್ತದೆ, ಹಿತ್ತಾಳೆಗಳು ಶಾಂತವಾಗಿ ಮಂಗಳ ಹಾಡುತ್ತವೆ, ತಂತಿಗಳು ಬೆರಳಲ್ಲಿ ಮೀಟಿ ಮೆಲ್ಲನೆ ಕೆಳಗಿಳಿಯುತ್ತವೆ. ಸತ್ಯ ಹೇಳಬೇಕೆಂದರೆ ಮೊದಲ ಭಾಗವೊಂದೇ ಒಂದು ಪೂರ್ಣ ನಾಟಕ. ಇಲ್ಲಿಗೇ ನಿಲ್ಲಿಸಿದ್ದರೂ ಕಥೆ ಆಗುತ್ತಿತ್ತು.

ಎರಡನೆಯ ಭಾಗ ಉಪಕಥೆ. ವಾಲ್ಟ್ಸ್ ಎಂದರೆ ಮೂರರ ಎಣಿಕೆ. ಇದು ಐದರ ಎಣಿಕೆ. ಪಾಶ್ಚಾತ್ಯ ವಿಮರ್ಶಕರು ಇದನ್ನು ಕುಂಟುವ ವಾಲ್ಟ್ಸ್ ಎನ್ನುವುದುಂಟು. ಖಂಡಚಾಪು ಹಾಕಿ ಬೆಳೆದ ತೊಡೆಗೆ ಇದರಲ್ಲಿ ಯಾವ ಕುಂಟೂ ಕಾಣುವುದಿಲ್ಲ. ಎರಡು ಮೂರು, ಎರಡು ಮೂರು ಎಂದು ಚೆಲ್ಲೊಗಳು ಹೊರಟಾಗ ನನ್ನ ಕೈ ಸಲೀಸಾಗಿ ತಾಳಕ್ಕೆ ಕೂತಿತು. ವಿಯೆನ್ನಾದಲ್ಲಿ ಕುಣಿದು ಬೆಳೆದವರ ಕಾಲಿಗೆ ಪ್ರತಿ ಆವರ್ತದಲ್ಲೂ ಒಂದು ಹೆಜ್ಜೆ ಕಡಿಮೆಯೋ ಹೆಚ್ಚೋ ಅನ್ನಿಸುವುದು ನಿಜವಿರಬಹುದು. ನನಗೆ ಇದು ಸಿಂಫನಿಯ ಅತ್ಯಂತ ನಿರಾಳವಾದ ಜಾಗ. ನಡುವಿನ ತುಣುಕಿನಲ್ಲಿ ಮಾತ್ರ ಟಿಂಪನಿ ಒಂದೇ ಸ್ವರವನ್ನು ಬಿಡದೆ ಮೆಲ್ಲಗೆ ತಟ್ಟುತ್ತ ಹೋಗುತ್ತದೆ, ಮೇಲೆ ಪಿಟೀಲುಗಳು ನಿಟ್ಟುಸಿರು ಬಿಡುತ್ತವೆ. ಔತಣದ ಮನೆಯ ಹಿತ್ತಲಲ್ಲಿ ಯಾರೋ ಒಬ್ಬರೇ ನಿಂತಿದ್ದಾರೆ ಅನ್ನಿಸುತ್ತದೆ. ಮತ್ತೆ ಕುಣಿತ.

ಇನ್ನು ಆ ಮೂರನೆಯ ಭಾಗ. ಜಿ ಮೇಜರ್. ತಂತಿವಾದ್ಯಗಳು ಇರುವೆಸಾಲಿನಂತೆ ಗಿಜಿಗುಟ್ಟುತ್ತ ಓಡುತ್ತವೆ. ಆ ಸಂದಣಿಯ ನಡುವೆ ಓಬೊ ಒಂದು ಚೂರು ತುತ್ತೂರಿಯ ಮಾತು ಎಸೆದು ಸುಮ್ಮನಾಗುತ್ತದೆ. ಮತ್ತೆ ಬೇರೊಬ್ಬರು ಅದೇ ಚೂರನ್ನು ಎತ್ತುತ್ತಾರೆ. ಊರಿನ ಆಚೆ ಎಲ್ಲೋ ಮೆರವಣಿಗೆ ಹೊರಟಿದೆ, ಗಾಳಿ ಈ ಕಡೆ ತಿರುಗಿದಾಗ ಒಂದೊಂದು ತುಣುಕು ಕೇಳುತ್ತಿದೆ. ಕ್ಲಾರಿನೆಟ್ಟುಗಳು ಆ ಮೆರವಣಿಗೆಯ ಹಾಡನ್ನು ಮೊದಲ ಸಲ ಪೂರ್ತಿ ನುಡಿಸಿದಾಗಲೂ ಅದು ಇನ್ನೂ ದೂರದಲ್ಲೇ ಇರುತ್ತದೆ. ಮುಂದೆ ಅದು ಬೀದಿ ದಾಟಿ, ಅಂಗಳ ದಾಟಿ, ಎದೆಯ ಮೇಲೆಯೇ ಬಂದು ನಿಲ್ಲುತ್ತದೆ. ತಾಳ, ದೊಡ್ಡ ಡೋಲು, ಎಲ್ಲ ಸೇರಿದ ಆ ಅಬ್ಬರವನ್ನು ಕೂತು ಕೇಳುವುದೇ ಕಷ್ಟ. ಅಲ್ಲಿಯವರೆಗೆ ಕಾದಿದ್ದ ಫಲ ಬಂದೇ ಬಂತು ಎಂದು ಮೈ ನಂಬುತ್ತದೆ. ಬೀಥೋವನ್ ಕಲಿಸಿದ ಕಥೆ, ಚೈಕೋವ್ಸ್ಕಿಯೇ ಎರಡು ಸಲ ಹೇಳಿದ ಕಥೆ, ಇಲ್ಲಿ ಮುಗಿಯುತ್ತದೆ. ಬಡಿದ ಬಡಿತಗಳೂ ಕೊನೆಯ ಬಡಿತಗಳಂತೆಯೇ ಇವೆ. ಯಕ್ಷಗಾನದಲ್ಲಿ ಮಂಗಳ ಹಾಡಿದ ಮೇಲೆ ಯಾರಾದರೂ ಚಾಪೆ ಸುತ್ತದೆ ಕೂತಿರುತ್ತಾರೆಯೇ? ಚಪ್ಪಾಳೆ ತಟ್ಟಿದೆವು.

ಆದರೆ ಮನೆಗೆ ಬಂದು ಆ ಭಾಗವನ್ನಷ್ಟೇ ಮತ್ತೆ ಮತ್ತೆ ಹಾಕಿ ಕೇಳಿದಾಗ ಒಂದು ಅನುಮಾನ ಬೆಳೆಯಿತು. ಈ ಗೆಲುವು ಯಾರದ್ದು? ಮೊದಲ ಭಾಗದ ಆ ಬಸೂನು, ಆ ಮ್ಯೂಟ್ ಹಾಕಿದ ಪಿಟೀಲುಗಳು, ಅವರು ಯಾರೂ ಈ ಮೆರವಣಿಗೆಯಲ್ಲಿ ಕಾಣುವುದಿಲ್ಲ. ಬೀಥೋವನ್‌ನಲ್ಲಿ ಗೆದ್ದವನು ಸೋತಿದ್ದವನೇ. ಅದೇ ಸಿ, ಅದೇ ನಾಯಕ, ಕತ್ತಲಿಂದ ಬೆಳಕಿಗೆ ಬಂದವನು. ಇಲ್ಲಿ ಗೆದ್ದವನು ಬೇರೆ ಊರಿನವನು. ಅವನ ಶ್ರುತಿಯೇ ಬೇರೆ. ಅವನ ಸಂಭ್ರಮದಲ್ಲಿ ಒಂದು ನಿರ್ದಯೆಯೂ ಇದೆ: ಮತ್ತೆ ಮತ್ತೆ ಅದೇ ಹಾಡು, ಇನ್ನೂ ಜೋರಾಗಿ, ಇನ್ನೂ ಜೋರಾಗಿ, ಎದುರಿಗಿರುವವರಿಗೆ ಉಸಿರಾಡಲೂ ಬಿಡದೆ.

ಆಗ ನನಗೆ ರನ್ನ ನೆನಪಾದ. ಗದಾಯುದ್ಧದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ನಾಯಕ ಭೀಮ, ಫಲ ಭೀಮನದು, ಆಶ್ರಯದಾತ ಸತ್ಯಾಶ್ರಯನಿಗೆ ಅವನದೇ ಹೋಲಿಕೆ. ಕಥೆಯ ಅಚ್ಚು ಅಷ್ಟು ಖಚಿತ. ಆದರೂ ಓದಿ ಮುಗಿಸಿದ ಮೇಲೆ ನಮ್ಮ ಕಣ್ಣೆದುರು ಉಳಿಯುವವನು ಯಾರು? ಹೆಣಗಳ ನಡುವೆ ಸಂಜಯನ ಜೊತೆ ಕಾಲೆಳೆದುಕೊಂಡು ನಡೆಯುವ ದುರ್ಯೋಧನ. ಸತ್ತ ತಮ್ಮನನ್ನೂ ಗೆಳೆಯನನ್ನೂ ಒಬ್ಬೊಬ್ಬರನ್ನಾಗಿ ಕಂಡು ಅಳುವವನು. ಭಾಸನ 'ಊರುಭಂಗ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಗದಾಯುದ್ಧ ನಾಟಕದ ಮೊದಲ ಪಾಲಿನಲ್ಲೇ ಮುಗಿದುಹೋಗುತ್ತದೆ. ಗೆದ್ದವರು ಹೊರಟುಹೋಗುತ್ತಾರೆ. ಉಳಿದ ನಾಟಕವೆಲ್ಲ ಬಿದ್ದವನದು. ಕಣ್ಣಿಲ್ಲದ ತಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತಾಯಿ ಅವನನ್ನು ಹುಡುಕಿಕೊಂಡು ಬರುತ್ತಾರೆ. ಪುಟ್ಟ ಮಗ ದುರ್ಜಯ ಅಪ್ಪನ ತೊಡೆಯೇರಿ ಕೂರಲು ಬರುತ್ತಾನೆ. ಆ ತೊಡೆ ಮುರಿದಿದೆ. ರಂಗದ ಮೇಲೆಯೇ ದುರ್ಯೋಧನ ಪ್ರಾಣ ಬಿಡುತ್ತಾನೆ. ಫಲಾಗಮವೇ ಕಥೆಯ ಕೊನೆ ಎನ್ನುವ ಪರಂಪರೆಯಲ್ಲಿ ಇದು ಎಂಥ ಧೈರ್ಯ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುವನಂತಪುರದಿಂದ ಭಾಸನ ನಾಟಕಗಳು ಅಚ್ಚಾಗಿ ಹೊರಬಂದಾಗ ವಿದ್ವಾಂಸರು ಬೆರಗಾದದ್ದು ಸಹಜವೇ. ಬಿಎಂಶ್ರೀ ಗ್ರೀಕ್ ದುರಂತದ ಮಾದರಿಯನ್ನು ಮುಂದಿಟ್ಟುಕೊಂಡು 1929ರಲ್ಲಿ 'ಅಶ್ವತ್ಥಾಮನ್' ಬರೆದಾಗಲೂ ಕನ್ನಡಕ್ಕೆ ಅದೊಂದು ಹೊಸ ರುಚಿ. ಆದರೆ ಅದಕ್ಕೆ ಬೇಕಾದ ನಾಲಗೆ ರನ್ನನ ಕಾಲದಿಂದಲೇ ನಮ್ಮಲ್ಲಿತ್ತು ಎಂದು ನಾನು ನಂಬುತ್ತೇನೆ.

ಚೈಕೋವ್ಸ್ಕಿ ಮಾಡಿದ್ದೂ ಊರುಭಂಗದ ಕೆಲಸವನ್ನೇ. ಭೀಮವಿಜಯ ಮೂರನೆಯ ಭಾಗಕ್ಕೆ ಮುಗಿಯಿತು. ಮೆರವಣಿಗೆ ದಾಟಿಹೋದ ಮೇಲೆ ನೆಲದ ಮೇಲೆ ಯಾರು ಉಳಿದರು ಎಂದು ತೋರಿಸಲು ನಾಲ್ಕನೆಯ ಭಾಗ ಬಂತು. ಫಲಾಗಮದ ನಂತರ ವಿಮರ್ಶ. ಆ ವಿಮರ್ಶಕ್ಕೆ ನಿರ್ವಹಣವಿಲ್ಲ. ನಿಧಾನಗತಿಯಲ್ಲಿ ಮುಗಿಯುವ ಸಿಂಫನಿ ಅಲ್ಲಿಯವರೆಗೆ ಬಲು ವಿರಳ. ಹೈಡನ್ 1772ರಲ್ಲಿ ಒಂದು ಸಿಂಫನಿಯ ಕೊನೆಗೆ ವಾದಕರು ಒಬ್ಬೊಬ್ಬರಾಗಿ ದೀಪ ಆರಿಸಿ ಎದ್ದುಹೋಗುವಂತೆ ಮಾಡಿದ್ದುಂಟು. ಅದು ಮನೆಗೆ ಹೋಗಲು ರಜೆ ಕೊಡಿ ಎಂದು ಒಡೆಯನಿಗೆ ಮಾಡಿದ ನಯವಾದ ಸೂಚನೆ. ಇಡೀ ಕಥೆಯ ಭಾರವನ್ನು ನಿಧಾನದ ಕೊನೆಯ ಮೇಲೆ ಹಾಕಿದವನು ಚೈಕೋವ್ಸ್ಕಿ. ಹದಿನಾರು ವರ್ಷದ ನಂತರ ಮಾಹ್ಲರ್ ತನ್ನ ಒಂಬತ್ತನೆಯದನ್ನು ಹಾಗೆ ಮುಗಿಸುವಾಗ ಈ ದಾರಿ ತೆರೆದಿತ್ತು.

ಚಪ್ಪಾಳೆ ಇನ್ನೂ ಪೂರ್ತಿ ನಿಲ್ಲುವ ಮುನ್ನವೇ ಆ ಸಂಜೆ ಕಂಡಕ್ಟರ್ ಕೈ ಇಳಿಸಿದರು. ಪಿಟೀಲುಗಳ ಮೊದಲ ಕೂಗು. ಆ ಸಾಲನ್ನು ನಮ್ಮ ಸ್ವರಗಳಲ್ಲಿ ಹೇಳಿದರೆ ಪ ಮ ಗ ರಿ ಸ ರಿ. ಸರಳವಾದ ಅವರೋಹಣ, ನಟಭೈರವಿಯ ಸ್ವರಗಳಿಗೆ ಸೇರಿದ್ದು. ಆದರೆ ಈ ಸಾಲನ್ನು ಇಡೀ ಆರ್ಕೆಸ್ಟ್ರಾದಲ್ಲಿ ಯಾರೂ ನುಡಿಸುತ್ತಿಲ್ಲ! ಎರಡನೆಯ ಪಿಟೀಲಿನವರು ಪ, ಗ, ಸ ನುಡಿಸುತ್ತಾರೆ. ಮೊದಲ ಪಿಟೀಲಿನವರು ಅವುಗಳ ನಡುವೆ ಮ, ರಿ, ರಿ. ಒಂದೊಂದು ಸಾಲನ್ನು ಬೇರೆಯಾಗಿ ನುಡಿಸಿದರೆ ಅರ್ಥವಿಲ್ಲದ ಜಿಗಿತಗಳು. ಎರಡೂ ಕೂಡಿದಾಗ ಮಾತ್ರ, ಅದೂ ಕೇಳುವವರ ಕಿವಿಯಲ್ಲಿ, ಅಳು ಹುಟ್ಟುತ್ತದೆ. ಆ ಕಾಲದಲ್ಲಿ ಮೊದಲ ಮತ್ತು ಎರಡನೆಯ ಪಿಟೀಲುಗಳು ವೇದಿಕೆಯ ಎಡಕ್ಕೂ ಬಲಕ್ಕೂ ಎದುರುಬದುರಾಗಿ ಕೂರುವುದಿತ್ತು. ಹಾಗೆ ಕೂತಾಗ ಪ್ರತಿ ಸ್ವರವೂ ವೇದಿಕೆಯನ್ನು ದಾಟಿ ಬರಬೇಕು. ಒಂದು ಬಿಕ್ಕು ಈ ಕಡೆಯಿಂದ, ಮುಂದಿನದು ಆ ಕಡೆಯಿಂದ. ಹಾಗೆ ಕೂತು ನುಡಿಸಿದ ಮುದ್ರಣವನ್ನು ಹೆಡ್‌ಫೋನ್ ಹಾಕಿ ಕೇಳಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಮುಂದೆ ಇದೇ ಸಾಲು ಮರಳಿ ಬಂದಾಗ ಮೊದಲ ಪಿಟೀಲಿನವರೇ ಅದನ್ನು ಪೂರ್ತಿಯಾಗಿ ಹಾಡುತ್ತಾರೆ. ಚೂರಾಗಿದ್ದ ದುಃಖಕ್ಕೆ ಈಗ ಒಂದೇ ಗಂಟಲು.

ಇಲ್ಲಿಯೇ ನಾನು ಆ ಎಣ್ಣೆಯ ಹನಿಯನ್ನು ಕಂಡದ್ದು. ಮೊದಲ ಭಾಗದ ಪ್ರೀತಿಯ ಸ್ವರಮಾಲೆ ಶುರುವಾಗಿದ್ದು ಎಫ್ ಶಾರ್ಪ್, ಇ, ಡಿ ಎಂಬ ಮೂರು ಸ್ವರಗಳಿಂದ. ಈ ಅಳು ಶುರುವಾಗುವುದೂ ಅದೇ ಎಫ್ ಶಾರ್ಪ್, ಇ, ಡಿ. ಅಲ್ಲಿ ಡಿ ಆಧಾರವಾಗಿದ್ದರಿಂದ ಅವು ಗ ರಿ ಸ ಆಗಿ ಮನೆ ಮುಟ್ಟಿದವು. ಇಲ್ಲಿ ಆಧಾರ ಬಿ. ಅವೇ ಮೂರು ಸ್ವರಗಳು ಪ ಮ ಗ. ಮನೆ ಇನ್ನೂ ಕೆಳಗಿದೆ, ಇಳಿಯುತ್ತಲೇ ಹೋಗಬೇಕು. ಸ್ವರ ಬದಲಾಗಲಿಲ್ಲ, ಷಡ್ಜ ಬದಲಾಯಿತು. ನಮ್ಮ ಸಂಗೀತದಲ್ಲಿ ಗ್ರಹಭೇದ ಮಾಡಿ ಒಂದು ರಾಗದೊಳಗಿಂದ ಇನ್ನೊಂದು ರಾಗ ತೆಗೆದು ತೋರಿಸುವಾಗ ಆಗುವ ಬೆರಗಿಗೆ ಇದು ಹತ್ತಿರ. ಅವನು ಕಳೆದುಕೊಂಡದ್ದು ಏನೆಂದು ಹೇಳಲು ಈ ಕೃತಿಗೆ ಮಾತು ಬೇಕಾಗಲಿಲ್ಲ. ಅಳುವಿನ ಮೊದಲ ಮೂರು ಸ್ವರಗಳೇ ಆ ಹೆಸರನ್ನು ಹೇಳುತ್ತಿವೆ.

ನಡುವೆ ಕೊಂಬುಗಳ ಮೆಲ್ಲನೆಯ ಮಿಡಿತದ ಮೇಲೆ ಡಿ ಮೇಜರ್‌ನಲ್ಲಿ ಒಂದು ಸಮಾಧಾನದ ಹಾಡು ಬರುತ್ತದೆ. ಅದೂ ಇಳಿಯುವ ಹಾಡೇ. ದುರ್ಜಯ ತೊಡೆಯೇರಲು ಬಂದ ಗಳಿಗೆ ಅದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಪ್ರೀತಿ ಹತ್ತಿರ ಬಂದಷ್ಟೂ ನೋವು ಹೆಚ್ಚಾಗುತ್ತದೆ. ಹಾಡು ಬೆಳೆದು ಬೆಳೆದು ಒಡೆದುಹೋಗುತ್ತದೆ. ಮೊದಲ ಅಳು ಮರಳುತ್ತದೆ, ಇನ್ನೂ ಎತ್ತರಕ್ಕೆ ಏರಿ ಕುಸಿಯುತ್ತದೆ. ಆಗ ಒಂದೇ ಒಂದು ಸಲ, ಬಲು ಮೆಲ್ಲಗೆ, ಟ್ಯಾಮ್‌ಟ್ಯಾಮ್ ಸದ್ದಾಗುತ್ತದೆ. ಟ್ಯಾಮ್‌ಟ್ಯಾಮ್ ಎಂದರೆ ನಮ್ಮ ಜಾಗಟೆಯ ಜಾತಿಗೆ ಸೇರಿದ ದೊಡ್ಡ ಕಂಚಿನ ತಟ್ಟೆ. ಮುಕ್ಕಾಲು ಗಂಟೆ ಸುಮ್ಮನಿದ್ದ ಅದಕ್ಕೆ ಇಡೀ ಸಿಂಫನಿಯಲ್ಲಿ ಇರುವುದು ಇದೊಂದೇ ಕೆಲಸ. ಶವಯಾತ್ರೆಯ ಮುಂದೆ ಜಾಗಟೆ, ಶಂಖ ಕೇಳಿ ಬೆಳೆದ ನನಗೆ ಆ ಸದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅದರ ಬೆನ್ನಿಗೇ ಮೂರು ಟ್ರಾಂಬೋನು, ಒಂದು ಟ್ಯೂಬಾ ತಗ್ಗಿದ ದನಿಯಲ್ಲಿ ಒಂದು ಪ್ರಾರ್ಥನೆ ಹೇಳುತ್ತವೆ. ಮೊದಲ ಭಾಗದಲ್ಲಿ ಬಿರುಗಾಳಿಯ ನಡುವೆ ಅವಸರದಲ್ಲಿ ಕೇಳಿದ್ದ ಉತ್ತರಕ್ರಿಯೆ ಈಗ ತನ್ನ ಸಮಯಕ್ಕೆ ಬಂದಿದೆ.

ಮೊದಲ ಪ್ರದರ್ಶನ ನಡೆದದ್ದು 1893ರ ಅಕ್ಟೋಬರ್ 28ರಂದು, ಪೀಟರ್ಸ್‌ಬರ್ಗಿನಲ್ಲಿ, ಚೈಕೋವ್ಸ್ಕಿಯದೇ ನಿರ್ದೇಶನದಲ್ಲಿ. ಒಂಬತ್ತು ದಿನಗಳ ಮೇಲೆ ಅವನು ತೀರಿಕೊಂಡ. ಕಾಲರಾ ಎಂದು ದಾಖಲಾಯಿತು. ವಯಸ್ಸು 53. ನವೆಂಬರ್ 18ರಂದು ಕಂಡಕ್ಟರ್ ನಾಪ್ರವ್ನಿಕ್ ಅದನ್ನು ಮತ್ತೆ ನುಡಿಸಿದಾಗ ಎಲ್ಲರಿಗೂ ಇದು ಅವನೇ ಬರೆದುಕೊಂಡ ಚರಮಗೀತೆ ಅನ್ನಿಸಿತು, ಇಂದಿಗೂ ಹಲವರಿಗೆ ಹಾಗೆಯೇ ಅನ್ನಿಸುತ್ತದೆ. ನನಗೆ ಈ ವಿವರಣೆ ಒಪ್ಪುವುದಿಲ್ಲ. ಅದು ಕೃತಿಯನ್ನು ಒಂದು ಸಾವಿನ ಪತ್ರವಾಗಿ ಚಿಕ್ಕದು ಮಾಡುತ್ತದೆ. ಆ ವರ್ಷ ಫೆಬ್ರವರಿಯಲ್ಲಿ ಶುರುಮಾಡಿ ಆಗಸ್ಟ್‌ನಲ್ಲಿ ಮುಗಿಸುವ ನಡುವೆ ಅವನು ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜ್‌ನ ಗೌರವ ಡಾಕ್ಟರೇಟ್ ಪಡೆದು ಬಂದ. ಈ ಸಿಂಫನಿಯನ್ನು ಅಕ್ಕರೆಯ ಸೋದರಳಿಯ ಡೇವಿಡೋವ್‌ಗೆ ಅರ್ಪಿಸಿದ. ಇದಕ್ಕೊಂದು ಕಥೆಯಿದೆ, ಅದನ್ನು ಯಾರಿಗೂ ಹೇಳುವುದಿಲ್ಲ, ಅವರವರೇ ಊಹಿಸಿಕೊಳ್ಳಲಿ ಎಂದು ಅವನಿಗೇ ಪತ್ರ ಬರೆದ. ತನ್ನ ಸಂಗೀತದ ಮಕ್ಕಳಲ್ಲಿ ಇದರಷ್ಟು ಯಾವುದನ್ನೂ ಪ್ರೀತಿಸಿಲ್ಲ ಎಂದೂ ಹೇಳಿಕೊಂಡ. ಮೊದಲ ದಿನ ಕೇಳಿದವರು ಮೆಚ್ಚುವುದೋ ಬಿಡುವುದೋ ತಿಳಿಯದೆ ತಬ್ಬಿಬ್ಬಾದರು, ಆದರೂ ಬೇರೆಲ್ಲ ಕೃತಿಗಳಿಗಿಂತ ಇದರ ಬಗ್ಗೆ ತನಗೆ ಹೆಮ್ಮೆ ಎಂದು ಪ್ರಕಾಶಕ ಯುರ್ಗೆನ್‌ಸನ್‌ಗೆ ಬರೆದ. ಇವು ಬದುಕಿಗೆ ಬೆನ್ನು ತಿರುಗಿಸಿದವನ ಮಾತುಗಳಾಗಿ ನನಗೆ ಕೇಳಿಸುವುದಿಲ್ಲ. ತನ್ನ ಕಸುಬಿನ ಬಹು ದೊಡ್ಡ ಕಥೆಯೊಂದನ್ನು ತಿರುವಿ ಹೇಳಿ, ಅದು ಕೈಗೂಡಿತೆಂದು ಬಲ್ಲ ಕಸುಬುದಾರನ ಸಂತೋಷ ಅವುಗಳಲ್ಲಿದೆ.

ಈ ಕೊನೆಯ ಭಾಗವನ್ನು ಎಷ್ಟು ನಿಧಾನ ನುಡಿಸಬೇಕು ಎಂಬುದರಲ್ಲಿ ದೊಡ್ಡ ಕಂಡಕ್ಟರುಗಳು ಒಮ್ಮತಕ್ಕೆ ಬಂದಿಲ್ಲ. ಲೆನಿನ್‌ಗ್ರಾಡಿನ ತಂಡದೊಡನೆ 1960ರಲ್ಲಿ ಮ್ರವಿನ್‌ಸ್ಕಿ ಮಾಡಿದ ಮುದ್ರಣದಲ್ಲಿ ಅ‌ದು ಸುಮಾರು ಹತ್ತು ನಿಮಿಷ. 1986ರಲ್ಲಿ ನ್ಯೂಯಾರ್ಕಿನಲ್ಲಿ ಬರ್ನ್‌ಸ್ಟೈನ್ ಅದನ್ನೇ ಹದಿನೇಳು ನಿಮಿಷಕ್ಕೆ ಎಳೆದರು. ಬರ್ನ್‌ಸ್ಟೈನ್‌ರದ್ದನ್ನು ಕೇಳುವಾಗ ನಾನು ಶೋಕಿಸುವವರ ಮನೆಯಲ್ಲಿ ಕೂತಿರುತ್ತೇನೆ. ಮ್ರವಿನ್‌ಸ್ಕಿಯದ್ದನ್ನು ಕೇಳುವಾಗ ಬಿದ್ದವನೇ ನನ್ನೆದುರು ಇರುತ್ತಾನೆ, ಅಳಲೂ ಹೆಚ್ಚು ಹೊತ್ತಿಲ್ಲದವನು. ನನ್ನ ಮನಸ್ಸು ಮ್ರವಿನ್‌ಸ್ಕಿಯದರ ಕಡೆಗೆ.

ಹೋದ ವಾರ ರಾತ್ರಿ ಅದನ್ನೇ ಹಾಕಿಕೊಂಡು ಕೂತಿದ್ದೆ. ಟ್ರಾಂಬೋನುಗಳ ಪ್ರಾರ್ಥನೆ ಮುಗಿದು, ಡಿ ಮೇಜರ್‌ನಲ್ಲಿ ಬಂದಿದ್ದ ಆ ಸಮಾಧಾನದ ಹಾಡು ಈಗ ಬಿ ಮೈನರ್‌ಗೆ ತಿರುಗಿ ಬಂತು. ಕೆಳಗೆ ಡಬಲ್ ಬಾಸುಗಳು ಮೂರು ಮೂರಾಗಿ ಮಿಡಿಯುತ್ತಿದ್ದವು. ಪಿಟೀಲುಗಳು ಮೊದಲು ಬಿಟ್ಟುಹೋದವು. ಹಾಡು ಚೆಲ್ಲೊಗಳಿಗೆ ಇಳಿಯಿತು, ಚೆಲ್ಲೊಗಳಿಂದ ಇನ್ನೂ ಕೆಳಗೆ. ಮಿಡಿತ ತಡವಾಗುತ್ತ ಬಂತು, ಒಂದರಿಂದ ಇನ್ನೊಂದಕ್ಕೆ ಇರುವ ಎಡೆ ಹೆಚ್ಚಾಯಿತು, ಯಾವುದು ಕೊನೆಯದೆಂದು ತಿಳಿಯಲಿಲ್ಲ. ಹೊರಗೆ ಬೀದಿಯಲ್ಲಿ ಬೈಕೊಂದು ಹೋಯಿತು. ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಮತ್ತೆ ಮೊದಲಿನಿಂದ ಹಾಕಿದೆ. ಬಾಸುಗಳು ಅದೇ ಕತ್ತಲಲ್ಲಿ, ಬಿಟ್ಟ ಜಾಗದಲ್ಲೇ ಕಾದಿದ್ದವು. ಬಸೂನ್ ಎರಡು ಮೆಟ್ಟಿಲು ಹತ್ತಿತು, ಒಂದು ಇಳಿಯಿತು.